ರಹೀಮ್ ಸಾಹೇಬರ ಹನ್ನೊಂದು ಮಂದಿ

ಪಂದ್ಯ ಕೈಜಾರುತ್ತಿದೆ ಅನ್ನಿಸಿದರೆ ಇವತ್ತಿನ ಫುಟ್‌ಬಾಲ್ ಕೋಚ್ ಐದು ಮಂದಿಯನ್ನು ಹೊರಗೆ ಕರೆದು ಬೇರೆ ಐದು ಮಂದಿಯನ್ನು ಒಳಗೆ ಬಿಡಬಹುದು. ಗೆರೆಯ ಪಕ್ಕ ನಿಂತು ಗಂಟಲು ಹರಿಯುವಂತೆ ಕೂಗಬಹುದು. ಸಹಾಯಕನ ಕೈಲಿರುವ ಟ್ಯಾಬ್ ನೋಡಿ ಯಾರು ಎಷ್ಟು ಓಡಿದರು, ಯಾರಿಗೆ ಸುಸ್ತಾಗಿದೆ ಅಂತ ಲೆಕ್ಕ ಹಾಕಬಹುದು. ಅರವತ್ತರ ದಶಕದ ಆರಂಭದಲ್ಲಿ ಕೋಚ್‌ಗಳಿಗೆ ಇಂಥ ಅನುಕೂಲಗಳಿರಲಿಲ್ಲ. ವಿಶ್ವಕಪ್‌ನಂಥ ವಿಶ್ವಕಪ್‌ನಲ್ಲೇ ಬದಲಿ ಆಟಗಾರರು ಮೈದಾನಕ್ಕಿಳಿದಿದ್ದು 1970 ರಲ್ಲಿ, ಮೆಕ್ಸಿಕೋದಲ್ಲಿ. ಅದಕ್ಕೂ ಹಿಂದೆ ಕೋಚ್‌ನ ಜಾಣ್ಮೆಯ ಬಹುಪಾಲು ಹನ್ನೊಂದು ಹೆಸರು ಬರೆಯುವಾಗಲೇ ಖರ್ಚಾಗಿಬಿಡುತ್ತಿತ್ತು. ರೆಫರಿ ಸೀಟಿ ಊದಿದ ಮೇಲೆ ಅವನೂ ಒಬ್ಬ ಪ್ರೇಕ್ಷಕ. ವಿರಾಮದಲ್ಲಿ ನಾಲ್ಕು ಮಾತಾಡುವ ಹಕ್ಕಿದ್ದ ಪ್ರೇಕ್ಷಕ, ಅಷ್ಟೇ.

ಹಾಗಾಗಿ ಆ ಕಾಲದ ಕೋಚ್ ಒಬ್ಬನ ತಲೆಯೊಳಗೆ ಏನಿತ್ತು ಎಂದು ತಿಳಿಯಬೇಕಾದರೆ ಅವನ ತಂಡದ ಪಟ್ಟಿ ನೋಡಬೇಕು. 1962 ರ ಸೆಪ್ಟೆಂಬರ್ 4 ರಂದು ಜಕಾರ್ತಾದ ಸೆನಯಾನ್ ಕ್ರೀಡಾಂಗಣದಲ್ಲಿ ಏಷ್ಯನ್ ಗೇಮ್ಸ್ ಫೈನಲ್‌ಗೆ ಇಳಿದ ಭಾರತ ತಂಡದ ಪಟ್ಟಿಯಲ್ಲಿ ಕಣ್ಣಿಗೆ ಹೊಡೆಯುವ ಸಂಗತಿ ಒಂದಿದೆ. ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್‌ನ ಜಾಗದಲ್ಲಿ ನಿಂತಿದ್ದವರು ಜರ್ನೈಲ್ ಸಿಂಗ್. ಗೋಲು ತಡೆಯುವುದರಲ್ಲಿ ಏಷ್ಯಾದಲ್ಲೇ ಹೆಸರು ಮಾಡಿದ್ದ ಸ್ಟಾಪರ್. ಸಾಲದ್ದಕ್ಕೆ, ಕೆಲವೇ ದಿನಗಳ ಹಿಂದೆ ಹಣೆ ಒಡೆದುಕೊಂಡು ಹೊಲಿಗೆ ಹಾಕಿಸಿಕೊಂಡಿದ್ದ ಮನುಷ್ಯ. ಆ ಪಟ್ಟಿ ಬರೆದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಆಟಗಾರರ ಬಾಯಲ್ಲಿ ರಹೀಮ್ ಸಾಬ್.

ಇದನ್ನು ಜೂಜು ಅಂತ ಹೇಳುವವರಿದ್ದಾರೆ. ಗೆದ್ದ ಜೂಜಿಗೆ ದೂರದೃಷ್ಟಿ ಅಂತ ಹೆಸರಿಡುವುದು ಕ್ರೀಡಾ ಬರಹಗಾರರ ಹಳೆಯ ಚಾಳಿ. ಆದರೆ ರಹೀಮರ ಹಿಂದಿನ ಇಪ್ಪತ್ತು ವರ್ಷಗಳನ್ನು ನೋಡಿದವರಿಗೆ ಇದು ಜೂಜು ಅನ್ನಿಸುವುದಿಲ್ಲ. ಒಬ್ಬ ಆಟಗಾರನಿಗೆ ಒಂದೇ ಕೆಲಸ ಎಂಬ ಮಾತನ್ನು ಅವರು ಯಾವತ್ತೂ ಒಪ್ಪಿದವರಲ್ಲ.

ರಹೀಮ್ ಹುಟ್ಟಿದ್ದು 1909 ರಲ್ಲಿ. ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ, ವೃತ್ತಿಯಿಂದ ಶಾಲಾ ಮೇಷ್ಟ್ರು. 1943 ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು, ಸಾಯುವವರೆಗೂ ಆ ಹುದ್ದೆಯಲ್ಲಿದ್ದರು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೆಲ್ಲ ಆಗ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು, 1956 ರಲ್ಲಿ ಮೈಸೂರು ರಾಜ್ಯಕ್ಕೆ ಬರುವವರೆಗೂ. ಆ ಲೆಕ್ಕದಲ್ಲಿ ರಹೀಮರ ಆಡಳಿತದ ನೆರಳು ನಮ್ಮ ಕಡೆಗೂ ಚಾಚಿತ್ತು.

ಅವರು ಮಕ್ಕಳಿಗಾಗಿ ನಡೆಸುತ್ತಿದ್ದ ಪಂದ್ಯಾವಳಿಗಳ ಬಗ್ಗೆ ಹಳೆಯ ಹೈದರಾಬಾದಿಗರು ಈಗಲೂ ಹೇಳುತ್ತಾರೆ. ಒಂದು ಪಂದ್ಯಾವಳಿಯಲ್ಲಿ ಆಟಗಾರ ತನಗೆ ಬಾರದ ಕಾಲಿನಲ್ಲೇ ಆಡಬೇಕು. ಬಲಗಾಲು ಪಳಗಿದವನು ಎಡಗಾಲಿನಲ್ಲಿ, ಎಡಗಾಲಿನವನು ಬಲಗಾಲಿನಲ್ಲಿ. ಇನ್ನೊಂದರಲ್ಲಿ ಚೆಂಡನ್ನು ಕಾಲಲ್ಲಿಟ್ಟುಕೊಂಡು ಓಡುವಂತಿಲ್ಲ. ಬಂದ ಕೂಡಲೇ ಪಾಸ್ ಕೊಡಬೇಕು. ಮೇಷ್ಟ್ರ ಬುದ್ಧಿ ಕೆಲಸ ಮಾಡುವ ರೀತಿ ಇದು. ಹುಡುಗನಿಗೆ ಬರುವುದನ್ನು ಹೊಗಳುತ್ತ ಕೂರುವುದಿಲ್ಲ, ಬಾರದ್ದನ್ನು ಎದುರಿಗೆ ತಂದಿಟ್ಟು ಮಾಡಿಸುತ್ತದೆ. ಎರಡೂ ಕಾಲು ಬರುವ ಆಟಗಾರನನ್ನು ಬಲಕ್ಕೂ ನಿಲ್ಲಿಸಬಹುದು, ಎಡಕ್ಕೂ ನಿಲ್ಲಿಸಬಹುದು. ನಿಂತಲ್ಲೇ ಪಾಸ್ ಕೊಡಬಲ್ಲವನು ಹಿಂದೆಯೂ ಆಡಬಲ್ಲ, ಮುಂದೆಯೂ ಆಡಬಲ್ಲ.

ಈ ಪಾಠ ದೊಡ್ಡವರ ಮೇಲೆ ಪ್ರಯೋಗವಾಗಿದ್ದು ಹೈದರಾಬಾದ್ ಸಿಟಿ ಪೊಲೀಸ್ ತಂಡದಲ್ಲಿ. 1950 ರಿಂದ 1954 ರವರೆಗೆ ಸತತ ಐದು ವರ್ಷ ಆ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ರೋವರ್ಸ್ ಅಂದರೆ ಬೆಂಗಳೂರಿಗೆ ಬೇರೆಯದೇ ಅಭಿಮಾನ: ಬ್ರಿಟಿಷ್ ಪಡೆಗಳ ಸ್ವತ್ತಾಗಿದ್ದ ಆ ಕಪ್ಪನ್ನು ಮೊದಲು ಕಿತ್ತುಕೊಂಡ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937 ರಲ್ಲಿ. ಮರುವರ್ಷ ಮತ್ತೆ ಗೆದ್ದರು. ಅಂಥ ಕಪ್ಪನ್ನು ಐದು ವರ್ಷ ಯಾರಿಗೂ ಬಿಟ್ಟುಕೊಡದ ಪೊಲೀಸರ ಹಿಂದಿನ ತಲೆ ಯಾರದ್ದೆಂದು ಭಾರತದ ಫುಟ್‌ಬಾಲ್ ವಲಯಕ್ಕೆ ಗೊತ್ತಾಗಲು ತಡವಾಗಲಿಲ್ಲ.

1951 ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ಗೆ ರಹೀಮರೇ ಕೋಚ್. ಫೈನಲ್‌ನಲ್ಲಿ ಇರಾನ್ ವಿರುದ್ಧ ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಭಾರತಕ್ಕೆ ಚಿನ್ನ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ 10-1 ರಿಂದ ಮಣ್ಣು ಮುಕ್ಕಿಸಿತು. ನಮ್ಮ ಹಲವರು ಬರಿಗಾಲಲ್ಲಿ ಆಡಿದ್ದರು. ಭಾರತದ ಆ ಒಂದು ಗೋಲು ಬಂದಿದ್ದು ಬೆಂಗಳೂರಿನ ಅಹ್ಮದ್ ಖಾನರ ಕಾಲಿನಿಂದ. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಬೂಟಿನಷ್ಟೇ ಮುಖ್ಯವಾದ ಇನ್ನೊಂದು ಬದಲಾವಣೆಯೂ ಆ ವರ್ಷಗಳಲ್ಲಿ ಆಯಿತು. ಅದು ಮೈದಾನದಲ್ಲಿ ಆಟಗಾರರು ನಿಲ್ಲುವ ಜಾಗಕ್ಕೆ ಸಂಬಂಧಿಸಿದ್ದು.

ಆಗ ಜಗತ್ತಿನ ಬಹುಭಾಗ ಆಡುತ್ತಿದ್ದುದು ಡಬ್ಲ್ಯು-ಎಂ ಪದ್ಧತಿಯಲ್ಲಿ. ಹಿಂದೆ ಮೂವರು ಬ್ಯಾಕ್‌ಗಳು, ಅವರ ಮುಂದೆ ಇಬ್ಬರು ಹಾಫ್‌ಗಳು, ಅವರ ಮುಂದೆ ಇಬ್ಬರು ಇನ್‌ಸೈಡ್‌ಗಳು, ಎಲ್ಲರಿಗಿಂತ ಮುಂದೆ ಎರಡು ವಿಂಗ್ ಮತ್ತು ನಡುವೆ ಸೆಂಟರ್ ಫಾರ್ವರ್ಡ್. ಇದರಲ್ಲಿ ಪ್ರತಿಯೊಬ್ಬನಿಗೂ ಎದುರು ತಂಡದಲ್ಲಿ ಒಬ್ಬ ಜೋಡಿ. ಸ್ಟಾಪರ್ ಎದುರಾಳಿಯ ಸೆಂಟರ್ ಫಾರ್ವರ್ಡ್‌ಗೆ ಅಂಟಿಕೊಂಡಿರಬೇಕು, ಬ್ಯಾಕ್‌ಗಳು ವಿಂಗ್‌ಗಳಿಗೆ. ಎಲ್ಲರೂ ತಮ್ಮ ತಮ್ಮ ಜೋಡಿಯನ್ನು ಹಿಡಿದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಒಬ್ಬ ತನ್ನ ಜಾಗ ಬಿಟ್ಟು ಸರಿದರೆ ಏನು? 1953 ರ ನವೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಹಂಗೇರಿ ಇದಕ್ಕೆ ಉತ್ತರ ಕೊಟ್ಟಿತು. ಹಂಗೇರಿಯ ಸೆಂಟರ್ ಫಾರ್ವರ್ಡ್ ಹಿಡೆಗ್‌ಕುಟಿ ಮುಂದೆ ನಿಲ್ಲದೆ ಹಿಂದಕ್ಕೆ ಸರಿದು ಆಡಿದ. ಇಂಗ್ಲೆಂಡಿನ ಸ್ಟಾಪರ್ ಹ್ಯಾರಿ ಜಾನ್‌ಸ್ಟನ್‌ಗೆ ದಿಕ್ಕು ತೋಚಲಿಲ್ಲ. ಅವನ ಹಿಂದೆ ಹೋದರೆ ಗೋಲಿನ ಎದುರು ಬಯಲು. ಹೋಗದಿದ್ದರೆ ಅವನು ಆರಾಮವಾಗಿ ಚೆಂಡು ಹಂಚುತ್ತಾನೆ. ಹಂಗೇರಿ 6-3 ರಿಂದ ಗೆದ್ದಿತು, ಹಿಡೆಗ್‌ಕುಟಿ ಒಬ್ಬನೇ ಮೂರು ಗೋಲು ಹೊಡೆದ.

ರಹೀಮರೂ ಐವತ್ತರ ದಶಕದಲ್ಲಿ ಇದೇ ಹಾದಿಯಲ್ಲಿ ಸೆಂಟರ್ ಫಾರ್ವರ್ಡ್‌ನನ್ನು ಹಿಂದಕ್ಕೆ ಎಳೆದು ನೋಡುತ್ತಿದ್ದರು. ಯಾರು ಮೊದಲು, ಯಾರು ಆಮೇಲೆ ಎಂಬ ಪೈಪೋಟಿಗೆ ಅವರ ಭಕ್ತರು ಇಳಿಯುತ್ತಾರೆ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಜಗತ್ತಿನ ಫುಟ್‌ಬಾಲ್ ಎತ್ತ ಹೊರಟಿದೆ ಎಂಬುದು ಹೈದರಾಬಾದಿನ ಮೇಷ್ಟ್ರಿಗೆ ಗೊತ್ತಿತ್ತು, ಅಷ್ಟು ಸಾಕು. 1956 ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅದರ ಫಲ ಕಾಣಿಸಿತು. ಹಂಗೇರಿ ಹಿಂದೆ ಸರಿದಿದ್ದರಿಂದ ಭಾರತಕ್ಕೆ ಮೊದಲ ಸುತ್ತು ಆಡುವ ಪ್ರಮೇಯ ಬರಲಿಲ್ಲ. ಮುಂದಿನ ಪಂದ್ಯದಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು 4-2 ರಿಂದ ಸೋಲಿಸಿ, ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ತಂಡವಾಯಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಸೆಮಿಫೈನಲ್‌ನಲ್ಲಿ ಅದೇ ಯುಗೊಸ್ಲಾವಿಯಾ ಎದುರು ಮೊದಲು ಗೋಲು ಹೊಡೆದಿದ್ದೂ ನಾವೇ, ಕೊನೆಗೆ 4-1 ರಿಂದ ಸೋತಿದ್ದೂ ನಾವೇ. ಬಲ್ಗೇರಿಯಾಕ್ಕೆ 3-0 ರಿಂದ ಸೋತು ಕಂಚು ತಪ್ಪಿತು. ನಮ್ಮವರೇ ಆದ ಕೆಂಪಯ್ಯ ಆ ತಂಡದಲ್ಲಿದ್ದರು, ನಾಲ್ಕು ವರ್ಷದ ನಂತರ ರೋಮ್‌ಗೂ ಹೋದರು. ರೋಮ್‌ನಲ್ಲಿ ಹಂಗೇರಿಗೆ 2-1 ರಿಂದ ಸೋಲು, ಫ್ರಾನ್ಸ್ ಜೊತೆ 1-1 ಸಮ, ಪೆರುವಿಗೆ 3-1 ರಿಂದ ಸೋಲು. ಹತ್ತು ಗೋಲು ತಿಂದಿದ್ದವರು ಎಂಟು ವರ್ಷದಲ್ಲಿ ಯುರೋಪಿನವರ ಎದುರು ಸಮಸಮ ನಿಲ್ಲುವಂತಾಗಿದ್ದರು.

ರೋಮ್‌ನಿಂದ ಜಕಾರ್ತಾಕ್ಕೆ ಉಳಿದುಕೊಂಡ ದೊಡ್ಡ ಆಸ್ತಿ ಮೂವರು ಫಾರ್ವರ್ಡ್‌ಗಳು. ಬಲಬದಿಯಲ್ಲಿ ಪಿ.ಕೆ. ಬ್ಯಾನರ್ಜಿ, ಒಳಗೆ ಚುನಿ ಗೋಸ್ವಾಮಿ, ಎಡಕ್ಕೂ ಒಳಕ್ಕೂ ಆಡಬಲ್ಲ ತುಳಸೀದಾಸ್ ಬಲರಾಮ್. ಪಿ.ಕೆ.ಗೆ ಇಪ್ಪತ್ತಾರು ವರ್ಷ, ಬಲರಾಮ್‌ಗೆ ಇಪ್ಪತ್ತೈದು, ನಾಯಕ ಚುನಿಗೆ ಇಪ್ಪತ್ತನಾಲ್ಕು. ಇಂಥ ಮೂವರು ಒಂದೇ ಕಾಲದಲ್ಲಿ ಒಂದೇ ತಂಡದಲ್ಲಿ ಆಡಿದ್ದು ಭಾರತದ ಅದೃಷ್ಟ. ಆದರೆ ಇವರ ನಡುವೆ ನಿಂತು ಎದುರಾಳಿಯ ಬ್ಯಾಕ್‌ಗಳ ಜೊತೆ ಮೈ ತಿಕ್ಕಾಡುವ ನಾಲ್ಕನೆಯವನು ಬೇಕಿತ್ತು. ಆ ಜಾಗದ ಸಮಸ್ಯೆ ಜಕಾರ್ತಾದಲ್ಲಿ ಮೊದಲ ದಿನವೇ ಬಯಲಾಯಿತು. ಗುಂಪಿನ ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ ಎದುರು 2-0 ಸೋಲು. ಏಷ್ಯನ್ ಕಪ್‌ನ ಮೊದಲೆರಡು ಆವೃತ್ತಿಗಳನ್ನೂ, ಅಂದರೆ 1956 ಮತ್ತು 1960 ರವನ್ನು, ಗೆದ್ದಿದ್ದ ತಂಡ ಅದು. ಗಟ್ಟಿ ಆಳುಗಳು, ದಣಿವರಿಯದ ಓಟ.

ಥಾಯ್ಲೆಂಡ್ ಮೇಲೆ 4-1 ರಿಂದ ಗೆದ್ದೆವು. ಆ ಪಂದ್ಯದಲ್ಲೇ ಜರ್ನೈಲ್‌ಗೆ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಜಪಾನನ್ನು 2-0 ರಿಂದ ಮಣಿಸಿ ಸೆಮಿಫೈನಲ್ ಸೇರಿದ್ದಾಯಿತು.

ಈ ಜರ್ನೈಲ್ ಸಿಂಗ್ ಯಾರು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1936 ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಲಾಯಲ್‌ಪುರದ ಕಡೆ ಹುಟ್ಟಿದವರು. ದೇಶ ಒಡೆದಾಗ ಹನ್ನೊಂದು ವರ್ಷದ ಹುಡುಗ. ಪಂಜಾಬಿನ ಈಚೆ ದಡಕ್ಕೆ ಬಂದು, ಮಾಹಿಲ್‌ಪುರದ ಖಾಲ್ಸಾ ಕಾಲೇಜಿನಲ್ಲಿ ಆಡಿ, ಮೋಹನ್ ಬಾಗಾನ್‌ವರೆಗೆ ಬೆಳೆದರು. ಕಲ್ಕತ್ತಾ ಮೈದಾನದಲ್ಲಿ ಅವರ ಟ್ಯಾಕಲ್‌ಗೆ ಸಿಕ್ಕವರು ಮುಂದಿನ ಸಲ ಚೆಂಡು ಬಿಟ್ಟು ದೂರ ಸರಿಯುತ್ತಿದ್ದರಂತೆ. ಅಂಥವರು ಹಿಂದೆ ನಿಂತರೆ ತಂಡಕ್ಕೆ ಧೈರ್ಯ. ಆದರೆ ಸ್ಟಾಪರ್ ಅಂದರೆ ತಲೆಯ ಕೆಲಸ. ಎತ್ತರಕ್ಕೆ ಬರುವ ಪ್ರತಿ ಚೆಂಡಿಗೂ ಅವನು ಹಾರಿ ತಲೆ ಕೊಡಲೇಬೇಕು, ಕೊಡದಿದ್ದರೆ ಗೋಲು. ಹೊಲಿಗೆ ಹಾಕಿದ ಹಣೆಯಿಂದ ಅದು ಎಷ್ಟು ಸಲ ಸಾಧ್ಯ? ಒಂದು ಸಲ ಹಿಂಜರಿದರೆ ಸಾಕು, ಪಂದ್ಯ ಹೋಯಿತು.

ಆದ್ದರಿಂದ ಬೇರೆ ಯಾವ ಕೋಚ್ ಆಗಿದ್ದರೂ ಜರ್ನೈಲ್‌ರನ್ನು ಹೊರಗೆ ಕೂರಿಸಿ ಪಟ್ಟಿ ಮುಗಿಸುತ್ತಿದ್ದ. ಅದರಲ್ಲಿ ತಪ್ಪೂ ಇರಲಿಲ್ಲ. ರಹೀಮರ ಯೋಚನೆ ಬೇರೆ ದಾರಿ ಹಿಡಿಯಿತು. ಕಾಲೇಜು ದಿನಗಳಲ್ಲಿ ಜರ್ನೈಲ್ ಸೆಂಟರ್ ಫಾರ್ವರ್ಡ್ ಆಗಿ ಆಡಿದ್ದವರು. ಮುಂದಿನ ಸಾಲಿನಲ್ಲಿ ಹೇಗೂ ಒಂದು ಜಾಗ ಖಾಲಿ ಇದೆ. ಫಾರ್ವರ್ಡ್ ಆದವನು ತನಗೆ ಬೇಕಾದ ಚೆಂಡಿಗೆ ಮಾತ್ರ ತಲೆ ಕೊಡಬಹುದು, ಬೇಡದ್ದನ್ನು ಬಿಡಬಹುದು. ಬಿಟ್ಟರೆ ಒಂದು ಅವಕಾಶ ಹೋದೀತು, ಗೋಲಂತೂ ಬೀಳುವುದಿಲ್ಲ. ಇನ್ನೊಂದು ಲೆಕ್ಕವನ್ನು ನಾನು ಊಹಿಸುತ್ತಿದ್ದೇನೆ, ಆದರೆ ಪಟ್ಟಿಯೇ ಅದನ್ನು ಹೇಳುವಂತಿದೆ: ಜೀವಮಾನವೆಲ್ಲ ಫಾರ್ವರ್ಡ್‌ಗಳನ್ನು ತಡೆದವನಿಗೆ ತಡೆಯುವವರ ಕಷ್ಟ ಯಾವುದು ಅಂತ ಗೊತ್ತಿರುತ್ತದೆ. ಆ ಮೈಕಟ್ಟಿನ ಸರ್ದಾರ್ ಪೆನಾಲ್ಟಿ ಬಾಕ್ಸಿನೊಳಗೆ ನಿಂತರೆ ಎದುರಾಳಿಯ ಸ್ಟಾಪರ್‌ಗೆ ಬೇರೆ ಕಡೆ ನೋಡಲು ಪುರುಸೊತ್ತಿರುವುದಿಲ್ಲ. ಆಗ ಪಿ.ಕೆ., ಚುನಿ, ಬಲರಾಮ್‌ಗೆ ಜಾಗ ಸಿಗುತ್ತದೆ.

ಒಬ್ಬರನ್ನು ಮುಂದೆ ಕಳಿಸಿದರೆ ಹಿಂದೆ ತೂತು ಬೀಳುತ್ತದಲ್ಲ, ಅದನ್ನು ಮುಚ್ಚಲು ಅರುಣ್ ಘೋಷ್. ಜರ್ನೈಲ್ ಬಿಟ್ಟ ನಡು ಜಾಗಕ್ಕೆ ಅವರು ಬಂದರು. ಜರ್ನೈಲ್‌ಗೆ ತದ್ವಿರುದ್ಧ ಗುಣದ ಆಟಗಾರ. ಮೈ ಹಾಕಿ ಕಿತ್ತುಕೊಳ್ಳುವುದಕ್ಕಿಂತ ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಊಹಿಸಿ ಅಲ್ಲಿ ನಿಂತಿರುವ ಜಾಣ. ಜಕಾರ್ತಾದ ಕಥೆ ಹೇಳುವವರೆಲ್ಲ ಜರ್ನೈಲ್‌ರ ಬ್ಯಾಂಡೇಜನ್ನು ವರ್ಣಿಸುತ್ತಾರೆ. ನನ್ನನ್ನು ಕೇಳಿದರೆ ಆ ತೀರ್ಮಾನದ ನಿಜವಾದ ಭಾರ ಹೊತ್ತವರು ಅರುಣ್ ಘೋಷ್. ಅವರ ಮೇಲೆ ನಂಬಿಕೆ ಇಲ್ಲದಿದ್ದರೆ ರಹೀಮರು ಜರ್ನೈಲ್‌ರನ್ನು ಅಲ್ಲಿಂದ ಕದಲಿಸುತ್ತಲೇ ಇರಲಿಲ್ಲ.

ಮೊದಲ ಪರೀಕ್ಷೆ ಸೆಮಿಫೈನಲ್, ದಕ್ಷಿಣ ವಿಯೆಟ್ನಾಂ ಎದುರು. ಭಾರತ 3-2 ರಿಂದ ಗೆದ್ದಿತು. ಎರಡು ಗೋಲು ಚುನಿ ಗೋಸ್ವಾಮಿ ಅವರದು, ಒಂದು ಜರ್ನೈಲ್‌ರದು. ಹಿಂದೆ ಎರಡು ಗೋಲು ಬಿಟ್ಟುಕೊಟ್ಟಿದ್ದೂ ಅಷ್ಟೇ ನಿಜ. ಫೈನಲ್‌ಗೆ ಮತ್ತೆ ಅದೇ ಕೊರಿಯಾ. ಈಗ ರಹೀಮರ ಮುಂದೆ ಎರಡು ದಾರಿ: ಗೋಲು ತಂದುಕೊಟ್ಟ ವ್ಯವಸ್ಥೆಯನ್ನು ಹಾಗೇ ಉಳಿಸುವುದು, ಇಲ್ಲವೇ ಬಲಿಷ್ಠ ಎದುರಾಳಿ ಎಂದು ಹೆದರಿ ಜರ್ನೈಲ್‌ರನ್ನು ಹಿಂದಕ್ಕೆ ಕರೆಯುವುದು. ಅವರು ಉಳಿಸಿದರು.

ಗೋಲ್‌ಕೀಪರ್ ವಿಷಯದಲ್ಲಿ ಮಾತ್ರ ಕೈ ಬದಲಿಸಿದರು. ಸೆಮಿಫೈನಲ್‌ವರೆಗಿನ ಹಾದಿಯಲ್ಲಿ ಪ್ರದ್ಯುತ್ ಬರ್ಮನ್ ಚೆನ್ನಾಗಿಯೇ ಗೋಲು ಕಾದಿದ್ದರು. ಪೀಟರ್ ತಂಗರಾಜ್ ಜ್ವರ ಹಿಡಿದು ಮಲಗಿ ಎದ್ದಿದ್ದರು. ಆದರೂ ಫೈನಲ್‌ಗೆ ರಹೀಮರು ಬರೆದಿದ್ದು ತಂಗರಾಜ್ ಹೆಸರು. ಆರಡಿಗೂ ಮೀರಿದ ಎತ್ತರ, ಉದ್ದನೆಯ ಕೈ. ಎತ್ತರಕ್ಕೆ ಚೆಂಡು ಹಾಕಿ ನುಗ್ಗುವ ಕೊರಿಯನ್ನರ ಎದುರು, ಅದರಲ್ಲೂ ಜರ್ನೈಲ್‌ರ ತಲೆ ಹಿಂದೆ ಇಲ್ಲದಿರುವಾಗ, ಗಾಳಿಯಲ್ಲಿ ಬಂದಿದ್ದನ್ನು ಕೈಯಿಂದಲೇ ಹಿಡಿಯಬಲ್ಲವನು ಬೇಕು. ಎರಡು ತೀರ್ಮಾನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದಕ್ಕೊಂದು ಹೇಗೆ ಆಸರೆಯಾಗಿ ನಿಂತಿವೆ ಎಂಬುದು ತಿಳಿಯುತ್ತದೆ. ಗಾಯಾಳು ಮುಂದೆ, ಜ್ವರದಿಂದ ಎದ್ದವನು ಹಿಂದೆ. ಬರ್ಮನ್‌ಗೆ ಎಷ್ಟು ನೋವಾಗಿರಬೇಡ!

ಈ ಲೆಕ್ಕಾಚಾರ ನಡೆಯುತ್ತಿದ್ದ ಹೊತ್ತಿಗೆ ಜಕಾರ್ತಾದ ಬೀದಿಗಳಲ್ಲಿ ಫುಟ್‌ಬಾಲ್‌ಗಿಂತ ದೊಡ್ಡ ರಂಪ ಎದ್ದಿತ್ತು. ಅಧ್ಯಕ್ಷ ಸುಕಾರ್ನೊ ಅವರ ಸರ್ಕಾರ ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ವೀಸಾ ಕೊಟ್ಟಿರಲಿಲ್ಲ. ಏಷ್ಯನ್ ಗೇಮ್ಸ್ ಶುರುಮಾಡಿದವರಲ್ಲಿ ಒಬ್ಬರಾಗಿದ್ದ ಭಾರತದ ಗುರುದತ್ ಸೋಂಧಿ ಇದನ್ನು ವಿರೋಧಿಸಿ, ಹೀಗಿದ್ದರೆ ಈ ಕೂಟವನ್ನು ಏಷ್ಯನ್ ಗೇಮ್ಸ್ ಎಂದು ಕರೆಯುವುದೇ ಸರಿಯಲ್ಲ ಎಂದರು. ನಿಯಮದ ಪ್ರಕಾರ ಅವರ ಮಾತು ಸರಿ. ಆದರೆ ಹೊಸ ಕ್ರೀಡಾಂಗಣ ಕಟ್ಟಿ ಜಗತ್ತನ್ನು ಕರೆದಿದ್ದ ದೇಶದ ಮನೆಯಂಗಳದಲ್ಲಿ ನಿಂತು ಹೇಳಿದ ಮಾತು ಅದು. ಇಂಡೊನೇಷ್ಯಾ ಕೆರಳಿತು. ಸೆಪ್ಟೆಂಬರ್ 3 ರಂದು, ಅಂದರೆ ಫೈನಲ್‌ನ ಹಿಂದಿನ ದಿನ, ಜನರ ಗುಂಪು ಭಾರತದ ರಾಯಭಾರ ಕಚೇರಿಗೆ ನುಗ್ಗಿ ದಾಂಧಲೆ ನಡೆಸಿತು. ಸೋಂಧಿ ಊರು ಬಿಟ್ಟರು. ಆಟಗಾರರು ಬಿಡುವಂತಿರಲಿಲ್ಲ.

ಮುಂದೆ ಆಟಗಾರರು ನೆನಪಿಸಿಕೊಂಡ ಪ್ರಕಾರ, ತಂಡದ ಬಸ್ಸಿನಿಂದ ತ್ರಿವರ್ಣ ಧ್ವಜ ತೆಗೆದಿಡಬೇಕಾಯಿತು. ಬೀದಿಯಲ್ಲಿ ಹೋಗುವಾಗ ಕಿಟಕಿಯಲ್ಲಿ ಪಗಡಿ ಕಂಡರೆ ಇವರು ಭಾರತದವರೆಂದು ಗೊತ್ತಾಗಿ ಕಲ್ಲು ಬೀಳಬಹುದು ಅಂತ ಜರ್ನೈಲ್ ಮತ್ತು ತ್ರಿಲೋಕ್ ಸಿಂಗ್ ಬಸ್ಸಿನ ನೆಲದ ಮೇಲೆ ಕೂತು ಪ್ರಯಾಣ ಮಾಡಿದರು. ಮರುದಿನ ಏಷ್ಯಾದ ಅತಿ ಗಟ್ಟಿ ಡಿಫೆನ್ಸ್‌ಗೆ ಎದೆ ಕೊಡಬೇಕಾದ ಸೆಂಟರ್ ಫಾರ್ವರ್ಡ್, ತಲೆ ತಗ್ಗಿಸಿಕೊಂಡು ಸೀಟುಗಳ ನಡುವೆ ಮುದುಡಿ ಕೂತಿದ್ದ ಬಸ್ಸು ಅದು.

ಕೋಚ್‌ನ ಕೈಯಲ್ಲಿ ಉಳಿದಿದ್ದ ಕೊನೆಯ ಆಯುಧ ಮಾತು. ಫೈನಲ್‌ಗೆ ಮುನ್ನ ರಹೀಮರು ಹುಡುಗರ ಬಳಿ ತಮಗೊಂದು ಉಡುಗೊರೆ ಬೇಕು ಎಂದು ಕೇಳಿದರಂತೆ. ಏನು ಅಂತ ಕೇಳಿದ್ದಕ್ಕೆ, ನಾಳೆ ಚಿನ್ನ ಗೆದ್ದುಕೊಡಿ ಎಂದರಂತೆ. ಹಲವು ಆಟಗಾರರು ಇದನ್ನು ಮುಪ್ಪಿನಲ್ಲೂ ಹೇಳಿಕೊಂಡು ಕಣ್ಣು ಒದ್ದೆ ಮಾಡಿಕೊಂಡಿದ್ದಾರೆ. ವಿಪರೀತ ಸಿಗರೇಟು ಸೇದುತ್ತಿದ್ದ ರಹೀಮರ ಆರೋಗ್ಯ ಆಗಲೇ ಕೆಟ್ಟಿತ್ತು. ಬೈದು ಹೆದರಿಸುವ ಕೋಚ್ ಆಗಿರಲಿಲ್ಲ ಅವರು. ಎದುರಾಳಿ ಯಾರು ಎಷ್ಟು ಬಲಶಾಲಿ ಅನ್ನುವ ಭಾಷಣವನ್ನೂ ಮಾಡಲಿಲ್ಲ. ಸೋತಿದ್ದ ತಂಡದ ಎದುರು ಮತ್ತೆ ಇಳಿಯುವ ಹುಡುಗರಿಗೆ ಕೊರಿಯಾದ ಬಗ್ಗೆ ಯೋಚಿಸುವುದನ್ನು ಬಿಡಿಸಿ ತಮ್ಮ ಮೇಷ್ಟ್ರ ಬಗ್ಗೆ ಯೋಚಿಸುವಂತೆ ಮಾಡಿದರು. ತಂತ್ರ ಅನ್ನುವುದಾದರೆ ಇದೂ ತಂತ್ರವೇ.

ಸೆನಯಾನ್‌ನಲ್ಲಿ ಆ ದಿನ ಸೇರಿದ್ದವರು ಸುಮಾರು ಒಂದು ಲಕ್ಷ ಮಂದಿ. ಭಾರತದ ರಾಷ್ಟ್ರಗೀತೆ ಆ ಗದ್ದಲದಲ್ಲಿ ಮುಳುಗಿಹೋಯಿತು. ನಮ್ಮವರ ಕಾಲಿಗೆ ಚೆಂಡು ಬಂದಾಗಲೆಲ್ಲ ಹುಯ್ಲು. ಇಡೀ ಕ್ರೀಡಾಂಗಣದಲ್ಲಿ ಭಾರತಕ್ಕೆ ಜೈ ಅಂದ ಒಂದು ಗುಂಪಿತ್ತು, ಅದು ಪಾಕಿಸ್ತಾನದ ಹಾಕಿ ತಂಡ. ಹಾಕಿ ಫೈನಲ್‌ನಲ್ಲಿ ನಮ್ಮನ್ನು 2-0 ರಿಂದ ಸೋಲಿಸಿ ಚಿನ್ನ ಗೆದ್ದಿದ್ದವರೇ ಫುಟ್‌ಬಾಲ್ ಫೈನಲ್‌ಗೆ ಬಂದು ನಮ್ಮ ಪರ ಕೂಗಿದರು ಎಂದು ಪಿ.ಕೆ. ಬ್ಯಾನರ್ಜಿ ಮುಂತಾದವರು ಕೊನೆಯವರೆಗೂ ಹೇಳುತ್ತಿದ್ದರು.

ತಂಗರಾಜ್; ಚಂದ್ರಶೇಖರ್, ಅರುಣ್ ಘೋಷ್, ತ್ರಿಲೋಕ್ ಸಿಂಗ್; ಫ್ರಾಂಕೊ, ಪ್ರಶಾಂತ ಸಿನ್ಹಾ; ಪಿ.ಕೆ., ಯೂಸುಫ್ ಖಾನ್, ಜರ್ನೈಲ್, ಚುನಿ, ಬಲರಾಮ್. ಕೇರಳದವರು, ಗೋವಾದವರು, ಪಂಜಾಬಿನವರು, ಬಂಗಾಳದವರು, ಹೈದರಾಬಾದಿನವರು. ಬೆಂಗಳೂರಿನ ಅರುಮೈನಾಯಗಂ ತಂಡದಲ್ಲಿದ್ದರು, ಆದರೆ ಫೈನಲ್‌ನ ಹನ್ನೊಂದರಲ್ಲಿ ಅವರ ಹೆಸರಿರಲಿಲ್ಲ.

ಹದಿನೇಳನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದರು. ಕೊರಿಯನ್ನರು ಸುಧಾರಿಸಿಕೊಳ್ಳುವ ಮೊದಲೇ, ಇಪ್ಪತ್ತನೇ ನಿಮಿಷದಲ್ಲಿ, ಜರ್ನೈಲ್ ಸಿಂಗ್ ಎರಡನೆಯದನ್ನು ಹೊಡೆದರು. 2-0. ಕೆಲವು ದಿನಗಳ ಹಿಂದೆ ಇದೇ ಎರಡು ತಂಡಗಳ ನಡುವೆ ಇದೇ ಅಂತರ, ಉಲ್ಟಾ.

ಅಲ್ಲಿಂದ ಮುಂದಿನ ಒಂದು ಗಂಟೆಗೂ ಮಿಕ್ಕ ಹೊತ್ತು ಹಿಂದಿನ ಸಾಲಿನ ಪಂದ್ಯ. ಬೇಗ ಮುಂದೆ ಹೋದ ತಂಡಕ್ಕೆ ಇದೇ ದೊಡ್ಡ ಗಂಡಾಂತರ. ಗಡಿಯಾರ ನೋಡುತ್ತ ಆಡಿದರೆ ಕಾಲು ಕಟ್ಟಿಹಾಕಿದಂತಾಗುತ್ತದೆ. ಕೊರಿಯಾ ಒತ್ತುತ್ತಲೇ ಹೋಯಿತು. ಎಂಬತ್ತೈದನೇ ನಿಮಿಷದಲ್ಲಿ ಚಾ ತೇ-ಸುಂಗ್ ಒಂದು ಗೋಲು ಹಿಂತಿರುಗಿಸಿದಾಗ ಲಕ್ಷ ಜನರ ಗಂಟಲು ಒಟ್ಟಿಗೆ ತೆರೆದಿರಬೇಕು. ಉಳಿದಿದ್ದು ಐದು ನಿಮಿಷ. ಗಾಳಿಯಲ್ಲಿ ಬಂದಿದ್ದನ್ನು ಹಿಡಿಯಲೆಂದೇ ಜ್ವರದ ಹಾಸಿಗೆಯಿಂದ ಎಬ್ಬಿಸಿ ತಂದಿದ್ದ ತಂಗರಾಜ್ ಗೋಲಿನ ಎದುರು ಇದ್ದರು; ಅರುಣ್ ಘೋಷ್, ಚಂದ್ರಶೇಖರ್, ತ್ರಿಲೋಕ್ ಕದಲಲಿಲ್ಲ. 2-1 ಕ್ಕೆ ಪಂದ್ಯ ಮುಗಿಯಿತು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಎರಡನೆಯ ಚಿನ್ನ, ಎರಡರ ಹಿಂದೆಯೂ ರಹೀಮ್.

2024 ರಲ್ಲಿ ಬಂದ 'ಮೈದಾನ್' ಹಿಂದಿ ಚಿತ್ರ ಈ ಕಥೆಯನ್ನು ಹೊಸ ತಲೆಮಾರಿಗೆ ಮುಟ್ಟಿಸಿತು. ಅಜಯ್ ದೇವಗನ್ ರಹೀಮರಾಗಿ ಸಿಗರೇಟು ಹಚ್ಚುತ್ತ ಗಂಭೀರವಾಗಿ ಓಡಾಡುತ್ತಾರೆ. ಸಿನಿಮಾ ಅಂದ ಮೇಲೆ ಕೊನೆಯ ನಿಮಿಷದ ರೋಮಾಂಚನ ಬೇಕೇ ಬೇಕು, ತಕರಾರಿಲ್ಲ. ನನಗೆ ಮಾತ್ರ ಈ ಫೈನಲ್‌ನ ರೋಚಕ ಭಾಗ ಪಂದ್ಯಕ್ಕೂ ಮೊದಲೇ ಮುಗಿದಿದೆ: ಗಾಯಗೊಂಡ ಸ್ಟಾಪರ್ ಒಬ್ಬನನ್ನು ಎದುರಿಗಿಟ್ಟುಕೊಂಡು, ಇವನಿಂದ ಏನು ಆಗುವುದಿಲ್ಲ ಎಂದು ಕೇಳುವ ಬದಲು ಇವನಿಂದ ಇನ್ನೇನು ಆಗುತ್ತದೆ ಎಂದು ಕೇಳಿದ ಗಳಿಗೆಯಲ್ಲಿ. ಅದೃಷ್ಟದ ಪಾಲೂ ಇದೆ. ಜರ್ನೈಲ್‌ಗೆ ಗಾಯವಾಗದಿದ್ದರೆ ರಹೀಮರಂಥ ರಹೀಮರೂ ದೇಶದ ಅತ್ಯುತ್ತಮ ಸ್ಟಾಪರ್‌ನನ್ನು ಮುಂದಕ್ಕೆ ಕಳಿಸುತ್ತಿದ್ದರು ಅಂತ ನನಗನ್ನಿಸುವುದಿಲ್ಲ.

ರಹೀಮರು 1963 ರ ಜೂನ್ 11 ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಜಕಾರ್ತಾ ಮುಗಿದು ಒಂದು ವರ್ಷವೂ ತುಂಬಿರಲಿಲ್ಲ, ವಯಸ್ಸು ಐವತ್ತಮೂರು. ಅದೇ ವರ್ಷ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇಂಡೊನೇಷ್ಯಾವನ್ನು ಅಮಾನತು ಮಾಡಿತು, ಸುಕಾರ್ನೊ ಹಟಕ್ಕೆ ಬಿದ್ದು ಜಕಾರ್ತಾದಲ್ಲೇ 'ಗಾನೆಫೊ' ಎಂಬ ಬೇರೆ ಕೂಟ ನಡೆಸಿದರು. ರಹೀಮರ ಮಗ ಸೈಯದ್ ಶಾಹಿದ್ ಹಕೀಮ್ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು, ಮುಂದೆ ವಾಯುಪಡೆಯ ಅಧಿಕಾರಿಯೂ ಫಿಫಾ ರೆಫರಿಯೂ ಆದರು. 2021 ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ನಿಧನರಾದರು.

1964 ರ ಏಷ್ಯನ್ ಕಪ್‌ನಲ್ಲಿ ಭಾರತ ಎರಡನೇ ಸ್ಥಾನ ಪಡೆಯಿತು. 1970 ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಜಪಾನನ್ನು ಸೋಲಿಸಿ ಕಂಚು ಗೆದ್ದಾಗ ಕೋಚಿಂಗ್ ಹೊಣೆಯಲ್ಲಿದ್ದವರು ನಮ್ಮ ಜಿ.ಎಂ.ಎಚ್. ಬಾಷಾ ಮತ್ತು ರಹೀಮರ ಶಿಷ್ಯ ಪಿ.ಕೆ. ಬ್ಯಾನರ್ಜಿ. ಅದಾದ ಮೇಲೆ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಪುರುಷರ ತಂಡಕ್ಕೆ ಯಾವ ಬಣ್ಣದ ಪದಕವೂ ಬಂದಿಲ್ಲ. ಜರ್ನೈಲ್ ಸಿಂಗ್ ಕಲ್ಕತ್ತಾಕ್ಕೆ ಮರಳಿ ಮೋಹನ್ ಬಾಗಾನ್‌ನ ಸ್ಟಾಪರ್ ಜಾಗಕ್ಕೇ ಹೋದರು. ಮುಂದೆ ಭಾರತದ ನಾಯಕರಾದರು, ಏಷ್ಯನ್ ಆಲ್ ಸ್ಟಾರ್ ತಂಡಕ್ಕೂ ನಾಯಕರಾದರು. ಎಲ್ಲವೂ ಡಿಫೆಂಡರ್ ಆಗಿಯೇ.